ತಪ್ಪು ಬರೆಯುವ ಪುಸ್ತಕ ಇಟ್ಟೆ, ಯಾರೂ ಬರೆಯುತ್ತಿಲ್ಲ

ಮೆಣಸಿನಬಳ್ಳಿ:

ವಿರಾಜಪೇಟೆ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್, ಅಂದರೆ ಎಕ್ಸ್-ರೇ, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್ ಆಗಿದ್ದೇನೆ. ಇಬ್ಬರು ಡಾಕ್ಟರು, ಮೂವರು ಟೆಕ್ನಿಷಿಯನ್‌ಗಳು, ಒಂದು ಸಿ.ಟಿ. ಮೆಷಿನ್. ಅಷ್ಟೇ ನಮ್ಮ ಸಂಸಾರ.

ಫೆಬ್ರವರಿಯಲ್ಲಿ, ಮೆಣಸು ಕೊಯ್ಲಿನ ಸಮಯ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಬಿದಿರೇಣಿಯಿಂದ ಒಬ್ಬರು ಬಿದ್ದು ಬಂದರು. ಹಿಮ್ಮಡಿ ಊದಿತ್ತು. ಎಕ್ಸ್-ರೇಯಲ್ಲಿ ಹಿಮ್ಮಡಿ ಮೂಳೆ ಒಡೆದದ್ದು ಎದ್ದು ಕಾಣುತ್ತಿತ್ತು. ಸೊಂಟದ್ದೂ ಒಂದು ತೆಗೆದಿದ್ದರು. ನೋಡಿದೆ, ನಾರ್ಮಲ್ ಎಂದು ಬರೆದೆ. ಇನ್ನೂ ಹದಿನಾಲ್ಕು ಕೇಸ್ ಕಾಯುತ್ತಿದ್ದವು.

ಎರಡು ವಾರದ ಮೇಲೆ ನೋವು ತಡೆಯಲಾರದೆ ಅವರು ಮೈಸೂರಿಗೆ ಹೋದರು. ಬೆನ್ನುಮೂಳೆಯ ಎಲ್1, ಅಂದರೆ ಸೊಂಟದ ಸಾಲಿನ ಎಲ್ಲಕ್ಕಿಂತ ಮೇಲಿನ ಮೂಳೆ, ಕುಸಿದಿದೆ ಅಂದರಂತೆ. ಪುಣ್ಯಕ್ಕೆ ನರಕ್ಕೆ ಏನೂ ಆಗಿರಲಿಲ್ಲ. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಆ ರಿಪೋರ್ಟ್ ತಂದು ನನ್ನ ಮೇಜಿನ ಮೇಲಿಟ್ಟು ಸುಮ್ನೆ ನಿಂತರು. ಬೈದಿದ್ದರೆ ವಾಸಿಯಿತ್ತು. ಹಳೆಯ ಚಿತ್ರ ತೆಗೆದು ನೋಡಿದೆ. ಎಲ್1ರ ಮುಂದಿನ ಮೂಲೆಯಲ್ಲಿ ಸಣ್ಣದೊಂದು ಮೆಟ್ಟಿಲು, ಮುರಿತದ ಗುರುತು. ಅವತ್ತೂ ಅಲ್ಲೇ ಇತ್ತು. ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದವರ ಬೆನ್ನುಮೂಳೆಯನ್ನು ಹುಡುಕಿ ನೋಡಬೇಕು ಅಂತ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗೂ ಗೊತ್ತು. ನನಗೆ ಒಂದು ಮುರಿತ ಸಿಕ್ಕಿತು, ಕಣ್ಣು ಅಲ್ಲಿಗೇ ತೃಪ್ತಿಯಾಯಿತು.

ಅದಾದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಯಾರು ತಪ್ಪಿದರೂ, ತಪ್ಪುವುದರಲ್ಲಿದ್ದರೂ ಬರೆಯಿರಿ, ಯಾರಿಗೂ ಬೈಗುಳವಿಲ್ಲ ಅಂದೆ. ಎರಡು ತಿಂಗಳಲ್ಲಿ ನಾಲ್ಕು ಸಾಲು. ಮೂರು ನನ್ನವು. ಇನ್ನೊಂದು 'ಪ್ರಿಂಟರ್ ಕೆಟ್ಟಿದೆ'. ಹೆಸರು ಬೇಡ ಅಂದರೂ ಪ್ರಯೋಜನವಿಲ್ಲ, ರಾತ್ರಿ ಡ್ಯೂಟಿ ಯಾರದ್ದು ಅಂತ ಕ್ಯಾಂಟೀನಿನವರಿಗೂ ಗೊತ್ತಿರುತ್ತದೆ. ಐದೇ ಜನ ಇರುವಲ್ಲಿ ಇದನ್ನು ನಡೆಸುವುದು ಹೇಗೆ?

ಕಡಲತಡಿ:

ಮೇಡಂ, ನಾನು ಮಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ನಾವು ಶುರು ಮಾಡಿದ್ದು ಅಂಕ ಕೊಡುವುದರಿಂದ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ರ್‍ಯಾಡ್‌ಪಿಯರ್ ಪದ್ಧತಿ ಕೇಳಿರುತ್ತೀರಿ. ಹಳೆಯ ಕೇಸ್ ತೆರೆದಾಗ ಹಿಂದಿನವರ ರಿಪೋರ್ಟಿಗೆ ಅಂಕ ಹಾಕಬೇಕು. ಮೊದಲು ನಾಲ್ಕು ದರ್ಜೆ ಇತ್ತು, 2016ರಲ್ಲಿ ಮೂರು ಮಾಡಿದರು. 1 ಅಂದರೆ ಒಪ್ಪಿದೆ, 3 ಅಂದರೆ ಕಾಣಬೇಕಾಗಿದ್ದದ್ದೇ ತಪ್ಪಿಹೋಗಿದೆ. ನಮ್ಮಲ್ಲಿ ಏನಾಯಿತು ಗೊತ್ತಾ? ಎಲ್ಲರೂ ಎಲ್ಲರಿಗೂ 1. ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುವವನಿಗೆ 3 ಹಾಕಲು ಕೈ ಬರಬೇಕಲ್ಲ! ಒಮ್ಮೆ ಯಾರೋ 3 ಹಾಕಿದರು. ಆಮೇಲೆ ಆರು ತಿಂಗಳು ಅವರಿಬ್ಬರ ಮಧ್ಯೆ ಮಾತಿರಲಿಲ್ಲ.

ಅಂಕ ಬಿಟ್ಟೆವು. ಈಗ ಕೇಸ್ ಮಾತ್ರ ನೋಡುತ್ತೇವೆ. ಅಮೆರಿಕದಲ್ಲೂ ಎಷ್ಟೋ ಕಡೆ ಅಂಕ ಬಿಟ್ಟು ಹೀಗೆ ಕೂತು ಕಲಿಯುವುದಕ್ಕೆ ಬಂದಿದ್ದಾರೆ. ಬ್ರಿಟನ್‌ನವರು 'ಡಿಸ್‌ಕ್ರೆಪೆನ್ಸಿ ಮೀಟಿಂಗ್' (ರಿಪೋರ್ಟಿನ ತಪ್ಪುಗಳನ್ನು ಚರ್ಚಿಸುವ ಸಭೆ) ಅನ್ನುತ್ತಿದ್ದುದರ ಹೆಸರಿಗೇ ಕಲಿಕೆ ಅನ್ನುವ ಪದ ಸೇರಿಸಿಕೊಂಡರು.

ಆ ಗೊರಿಲ್ಲಾ ಪ್ರಯೋಗ ನೆನಪಿದೆಯಾ? 2013ರದ್ದು. ಶ್ವಾಸಕೋಶದ ಸಿ.ಟಿ.ಯಲ್ಲಿ ಗಂಟು ಹುಡುಕಲು 24 ರೇಡಿಯಾಲಜಿಸ್ಟ್‌ಗಳನ್ನು ಕೂರಿಸಿ, ಚಿತ್ರದೊಳಗೆ ಒಂದು ಗೊರಿಲ್ಲಾ ಸೇರಿಸಿದ್ದರು. ಗಂಟಿಗಿಂತ ಎಷ್ಟೋ ಪಟ್ಟು ದೊಡ್ಡದು. 20 ಜನಕ್ಕೆ ಕಾಣಲೇ ಇಲ್ಲ. ಕಣ್ಣು ನೇರ ಅದರ ಮೇಲೇ ಹಾದುಹೋದವರಿಗೂ ಕಾಣಲಿಲ್ಲ! ಆದ್ದರಿಂದ ಆ ಮೆಟ್ಟಿಲಿಗಾಗಿ ನಿಮ್ಮನ್ನು ನೀವೇ ಜಾಸ್ತಿ ಹೊಡೆದುಕೊಳ್ಳಬೇಡಿ. ಕುಸಿದಿದೆ ಅಂತ ಗೊತ್ತಾದ ಮೇಲೆ ಎಲ್ಲರಿಗೂ ಕಾಣುತ್ತದೆ.

ಕತ್ತಲೆಕೋಣೆ:

ಮೇಡಂ, ನಾನು ಸೋಮವಾರಪೇಟೆ ಕಡೆ ಎಕ್ಸ್-ರೇ ಟೆಕ್ನಿಷಿಯನ್. ಒಂದು ಪ್ರಶ್ನೆ. ಆ ಪುಸ್ತಕ ಎಲ್ಲಿಟ್ಟಿದ್ದೀರಿ? ಅದನ್ನು ಯಾರು ಯಾರು ಓದುತ್ತಾರೆ?

ನಾನು ಹಿಂದೆ ಇದ್ದಲ್ಲಿ ಹೀಗೇ ಒಂದು ರಿಜಿಸ್ಟರ್ ಇತ್ತು. ಎಡ-ಬಲ ತೋರಿಸುವ ಸೀಸದ ಮಾರ್ಕರ್ ಕಳೆದುಹೋಗಿತ್ತು, ಹೊಸದು ಬಂದಿರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಹಾಕುತ್ತಿದ್ದೆವು. ಒಂದು ದಿನ ಬಲಗೈಗೆ ಎಡ ಅಂತ ಹಾಕಿಬಿಟ್ಟೆ. ಹೊರಗೆ ಹೋಗುವ ಮೊದಲೇ ನಾನೇ ಕಂಡುಹಿಡಿದು ಸರಿ ಮಾಡಿದೆ, ಪ್ರಾಮಾಣಿಕವಾಗಿ ರಿಜಿಸ್ಟರಿನಲ್ಲಿ ಬರೆದೆ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಸಿಗಲಿಲ್ಲ. ಮಾರ್ಕರ್ ಕೂಡ ಬರಲಿಲ್ಲ. ಆಮೇಲೆ ನಾನು ಬರೆದದ್ದು ಪ್ರಿಂಟರ್ ವಿಷಯ ಮಾತ್ರ.

ಮಳೆನಾಡಿಗ:

ಎಲ್ಲದಕ್ಕೂ ಬೈಯಬೇಡಿ ಅಂದರೆ, ಕುಡಿದು ಡ್ಯೂಟಿಗೆ ಬಂದವನಿಗೂ ಚಹಾ ಕೊಟ್ಟು ಕಲಿಸೋಣವಾ?

ಕಡಲತಡಿ:

ಅದು ಶಿಸ್ತಿನ ವಿಷಯ, ಅದರ ದಾರಿಯೇ ಬೇರೆ. ಎರಡನ್ನೂ ಒಂದೇ ಪುಸ್ತಕಕ್ಕೆ ಹಾಕಿದರೆ ಯಾರೂ ಪೆನ್ನು ಮುಟ್ಟುವುದಿಲ್ಲ.

ಮೆಣಸಿನಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ಕತ್ತಲೆಕೋಣೆಯವರೇ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ಪುಸ್ತಕ ಇದ್ದದ್ದು ರಿಸೆಪ್ಷನ್‌ನಲ್ಲಿ, ಹಾಜರಿ ಪುಸ್ತಕದ ಪಕ್ಕದಲ್ಲೇ! ಇಟ್ಟವಳು ನಾನೇ. ಈಗ ನಮ್ಮ ಕೋಣೆಯ ಡ್ರಾಯರ್‌ನಲ್ಲಿದೆ. ಇದನ್ನು ಸಂಬಳಕ್ಕೆ ಮುಟ್ಟಿಸುವುದಿಲ್ಲ ಅಂತ ಆಡಳಿತದವರಿಂದ ಒಂದು ಚೀಟಿ ಬರೆಸಿಕೊಂಡೆ.

ಗುರುವಾರ ಊಟ ಮುಗಿದ ಮೇಲೆ ಐವರೂ ಕೂತೆವು. ನನ್ನದೇ ಎಲ್1 ಚಿತ್ರ ಹಾಕಿದೆ. ಇದು ನಾನು ಬಿಟ್ಟದ್ದು ಅಂದೆ. ಸ್ವಲ್ಪ ಹೊತ್ತು ಫ್ಯಾನ್ ಸದ್ದು ಮಾತ್ರ. ಆಮೇಲೆ ಅದನ್ನು ತೆಗೆದ ಹುಡುಗ ಬಾಯಿಬಿಟ್ಟ: "ಮೇಡಂ, ಅವರು ನೋವು ಸೊಂಟದಲ್ಲಲ್ಲ, ಇನ್ನೂ ಮೇಲೆ ಅಂತ ಕೈ ಇಟ್ಟು ತೋರಿಸಿದ್ದರು. ಫಾರ್ಮ್‌ನಲ್ಲಿ ಸೊಂಟ ಅಂತಿತ್ತು, ಹಾಗೇ ತೆಗೆದೆ." ನೋಡಿದರೆ ಎಲ್1 ಚಿತ್ರದ ಮೇಲಂಚಿಗೆ ಅಂಟಿಕೊಂಡಿದೆ. ಅಲ್ಲಿಗೆ ಮಧ್ಯ ಹಿಡಿದು ಇನ್ನೊಂದು ತೆಗೆದಿದ್ದರೆ ಆ ಮುರಿತ ನನ್ನ ಕಣ್ಣಿಗೂ ತಪ್ಪುತ್ತಿರಲಿಲ್ಲ, ಅಲ್ವಾ? ಯಾಕೆ ಆಗಲೇ ಹೇಳಲಿಲ್ಲ ಅಂತ ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವತ್ತು ನಾನು ತಲೆಯೆತ್ತಿಯೂ ನೋಡಿರಲಿಲ್ಲ.

ಈಗ ಫಾರ್ಮ್‌ನ ಕೆಳಗೆ ಕೈಯಲ್ಲೇ ಒಂದು ಗೆರೆ ಎಳೆಯುತ್ತಿದ್ದೇವೆ. ನೋವು ಎಲ್ಲಿ ಅಂತ ಮುಟ್ಟಿ ತೋರಿಸಿದರೋ, ಅದನ್ನು ಟೆಕ್ನಿಷಿಯನ್ ಅಲ್ಲಿ ಬರೆಯಬೇಕು. ಮುಂದಿನ ಗುರುವಾರ ಇನ್ನೊಬ್ಬ ಡಾಕ್ಟರು ತಮ್ಮದೊಂದು ತರುತ್ತಾರಂತೆ. ತಂದರೆ ಇಲ್ಲಿ ಹೇಳುತ್ತೇನೆ.