ಸಿಂಗಪುರದಲ್ಲಿ ಒಬ್ಬಳೇ ಓಡಾಡಿದೆ, ಸೋಮನಾಥಪುರಕ್ಕೆ ಮಾತ್ರ ಅಪ್ಪನ ಒಪ್ಪಿಗೆಯಿಲ್ಲ

ಪ್ರಶ್ನೆ: ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ ಹದಿನೇಳು ವರ್ಷ. ಕಳೆದ ಬೇಸಿಗೆ ರಜೆಯಲ್ಲಿ ಸಿಂಗಪುರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಮೊದಮೊದಲು ಜೊತೆಯಲ್ಲಿ ಕರೆದೊಯ್ದು ದಾರಿ ತೋರಿಸಿದ ಮೇಲೆ, ಕೈಗೊಂದು ಪ್ರಯಾಣದ ಕಾರ್ಡು ಕೊಟ್ಟು, ಸಂಜೆ ಏಳರೊಳಗೆ ಮನೆ ಸೇರಬೇಕೆಂಬ ಒಂದೇ ಷರತ್ತಿನ ಮೇಲೆ ನನ್ನನ್ನು ನನ್ನ ಪಾಡಿಗೆ ಬಿಟ್ಟರು. 1859ರಲ್ಲಿ ಆರಂಭವಾಗಿ, 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿಯ ಸಸ್ಯೋದ್ಯಾನದಲ್ಲಿ ಒಂದು ಇಡೀ ಬೆಳಗ್ಗೆ ಕಳೆದೆ. ಸೆರಂಗೂನ್ ರಸ್ತೆಯಲ್ಲಿ ತಮಿಳು ಫಲಕಗಳ ನಡುವೆ ಮಲ್ಲಿಗೆ ಹೂವಿನ ಅಂಗಡಿಗಳನ್ನು ನೋಡುತ್ತ ನಡೆದೆ. ಎಲ್ಲಕ್ಕಿಂತ ಇಷ್ಟವಾದದ್ದು ಮರೀನಾ ಬ್ಯಾರೇಜ್. ನದಿಯ ಬಾಯಿಗೆ ಅಡ್ಡಲಾಗಿ ಗೇಟುಗಳನ್ನು ನಿಲ್ಲಿಸಿ, ಸಮುದ್ರದ ನೀರನ್ನು ಆಚೆಗೇ ತಡೆದು, ಒಳಗೆ ಸಿಹಿನೀರನ್ನು ಕೂಡಿಟ್ಟಿದ್ದಾರೆ. ಅದರ ಚಾವಣಿಯ ಮೇಲೆ ಹುಲ್ಲು ಬೆಳೆಸಿದ್ದಾರೆ, ಮಕ್ಕಳು ಅಲ್ಲಿ ಗಾಳಿಪಟ ಹಾರಿಸುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅಲ್ಲಿಯ ಪ್ರದರ್ಶನಾಲಯದಲ್ಲಿ ಓದಿ ತಿಳಿದುಕೊಂಡೆ. ಚಿಕ್ಕಂದಿನಿಂದ ನೋಡುತ್ತಿರುವ ನಮ್ಮ ಕನ್ನಂಬಾಡಿ ಕಟ್ಟೆಯ ಬಗ್ಗೆ ನನಗೆ ತಿಳಿದಿರುವುದು ಸಂಗೀತ ಕಾರಂಜಿಯಷ್ಟೇ ಎಂಬುದು ಆಗಲೇ ಹೊಳೆಯಿತು.

ಊರಿಗೆ ಬಂದ ಮೇಲೆ, ಗೆಳತಿಯೊಬ್ಬಳೊಡನೆ ಬಸ್ಸಿನಲ್ಲಿ ಸೋಮನಾಥಪುರಕ್ಕೆ ಹೋಗಿ ಬರುತ್ತೇನೆಂದು ಕೇಳಿದೆ. ಅಪ್ಪ ಒಪ್ಪಲಿಲ್ಲ. ಮುಂದಿನ ಭಾನುವಾರ ಎಲ್ಲರೂ ಕಾರಿನಲ್ಲಿ ಹೋದೆವು. ಬಿಸಿಲು ಹೆಚ್ಚಾಯಿತೆಂದು ಅರ್ಧ ಗಂಟೆಯಲ್ಲಿ ಹೊರಟು, ಫೋಟೋ ತೆಗೆದುಕೊಂಡು, ಹೋಟೆಲಿನಲ್ಲಿ ಊಟ ಮಾಡಿ ಮನೆಗೆ ಬಂದೆವು. ನಮ್ಮ ಊರಿನ ಪ್ರವಾಸಗಳಲ್ಲಿ ನಾನು ಹಿಂದಿನ ಸೀಟಿನಲ್ಲಿಟ್ಟ ಊಟದ ಬುಟ್ಟಿಯಂತೆ ಹೋಗಿ ಬರುತ್ತೇನೆ. ಮೂರು ಸಾವಿರ ಕಿಲೋಮೀಟರಿಗೂ ದೂರದ ಪರದೇಶದಲ್ಲಿ ಇದ್ದ ಸ್ವಾತಂತ್ರ್ಯ ಮನೆಯಿಂದ ಮೂವತ್ತೈದು ಕಿಲೋಮೀಟರಿನಲ್ಲಿ ಏಕಿಲ್ಲ ಎಂದು ಕೇಳಿದರೆ, ‘ಅಲ್ಲಿಯದು ಬೇರೆ, ಇಲ್ಲಿಯದು ಬೇರೆ’ ಎನ್ನುತ್ತಾರೆ. ನಿಜವಾಗಿಯೂ ಅಷ್ಟು ಬೇರೆಯೇ? ಅಪ್ಪನನ್ನು ಹೇಗೆ ಒಪ್ಪಿಸಲಿ, ಎಲ್ಲಿಂದ ಆರಂಭಿಸಲಿ?

ಉತ್ತರ: ಶಾಲಾ ಶಿಕ್ಷಕಿ, ಮಂಡ್ಯ

ಮಗಳೇ, ನಾನೂ ಹದಿಹರೆಯದ ಹುಡುಗಿಯ ತಾಯಿ. ಆದುದರಿಂದ ನಿನ್ನ ಅಪ್ಪನ ಪರವಾಗಿಯೇ ಮಾತು ಆರಂಭಿಸುತ್ತೇನೆ, ಬೇಸರಿಸಬೇಡ.

ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರು. ನಮ್ಮ ಮಂಡ್ಯ ಜಿಲ್ಲೆಯೊಂದೇ ಅದಕ್ಕಿಂತ ಆರು ಪಟ್ಟಿಗೂ ದೊಡ್ಡದು. ಅಷ್ಟು ಚಿಕ್ಕ ಜಾಗದಲ್ಲಿ ಅರವತ್ತು ಲಕ್ಷದಷ್ಟು ಜನರಿದ್ದಾರೆ, ಕೆಲವೇ ನಿಮಿಷಗಳಿಗೊಂದು ರೈಲು ಬರುತ್ತದೆ, ನಿಲ್ದಾಣಗಳಲ್ಲಿ ಬೆಳಕು ಮತ್ತು ಸಿಬ್ಬಂದಿ ಇರುತ್ತಾರೆ. ಒಂದು ರೈಲು ತಪ್ಪಿದರೆ ನಿನ್ನ ಚಿಕ್ಕಮ್ಮನಿಗೆ ಅದು ತಿಳಿಯುವುದೂ ಇಲ್ಲ. ಸೋಮನಾಥಪುರದ ದಾರಿಯ ಬನ್ನೂರಿನ ಹತ್ತಿರ ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂದು ಅಂಗಡಿಯವರನ್ನು ಕೇಳಬೇಕಾಗುತ್ತದೆ. ನಿನ್ನ ಅಪ್ಪನಿಗೆ ಭಯವಿರುವುದು ದೇವಸ್ಥಾನದ ಬಗ್ಗೆ ಅಲ್ಲ, ಆ ಬಸ್ಸು ತಪ್ಪಿದ ಒಂದು ಗಂಟೆಯ ಬಗ್ಗೆ. ಹಾಗಾಗಿ ಅವರೊಡನೆ ಸ್ವಾತಂತ್ರ್ಯದ ಕುರಿತು ವಾದಿಸುವುದಕ್ಕಿಂತ ಯಾವ ಬಸ್ಸಿನಲ್ಲಿ ಹೋಗುತ್ತೀರಿ, ಯಾವುದರಲ್ಲಿ ಮರಳುತ್ತೀರಿ, ಅದು ತಪ್ಪಿದರೆ ಏನು ಮಾಡುತ್ತೀರಿ, ಜೊತೆಗೆ ಬರುವ ಗೆಳತಿಯ ಮನೆಯವರ ದೂರವಾಣಿ ಯಾವುದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡು. ನನ್ನ ಮಗಳು ಹಾಗೆ ಮಾಡಿದಾಗ ನನಗೆ ಬೇಡವೆನ್ನಲು ಕಾರಣವೇ ಉಳಿಯಲಿಲ್ಲ.

ಇನ್ನು ನಿನ್ನ ಪರವಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಪ್ರವೇಶ ಪರೀಕ್ಷೆಗೆಂದೋ ಕೋಚಿಂಗಿಗೆಂದೋ ಬೆಂಗಳೂರಿಗೆ ಕಳುಹಿಸಲು ನಾವು ಅಷ್ಟು ಯೋಚಿಸುವುದಿಲ್ಲ. ರಸ್ತೆ ಅದೇ, ಬಸ್ಸು ಅದೇ, ಹೊತ್ತೂ ಅದೇ. ಓದಿನ ಹೆಸರಿದ್ದರೆ ಬರುವ ಧೈರ್ಯ ಸುತ್ತಾಟವೆಂದ ಕೂಡಲೇ ಎಲ್ಲಿ ಹೋಗುತ್ತದೋ ತಿಳಿಯದು. ಇದನ್ನು ನಿನ್ನ ಅಪ್ಪನಿಗೆ ನೀನು ಹೇಳಬೇಡ, ಅಮ್ಮನಿಂದ ಹೇಳಿಸು.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಶ್ರೀರಂಗಪಟ್ಟಣ

ಮಗೂ, ಸೋಮನಾಥಪುರವನ್ನು ಎರಡನೆಯ ಸಲಕ್ಕೆ ಇಟ್ಟುಕೊಂಡು ಮೊದಲು ನಮ್ಮೂರಿಗೆ ಬಾ. ಮೈಸೂರಿನಿಂದ ಹದಿನೈದು ಕಿಲೋಮೀಟರು, ಬಸ್ಸುಗಳು ಧಾರಾಳವಾಗಿವೆ, ರೈಲೂ ಇದೆ. ರೈಲಿನಲ್ಲಿ ಬಂದರೆ ಕೋಟೆಯ ಒಳಗೇ ಇಳಿಯುತ್ತೀಯೆ. ಈ ಮಾರ್ಗವನ್ನು ಜೋಡಿಮಾರ್ಗ ಮಾಡುವಾಗ ಅಡ್ಡಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಒಡೆಯದೆ, 2017ರಲ್ಲಿ ಬುಡಸಮೇತ ಎತ್ತಿ ಆಚೆಗೆ ಸರಿಸಿದರು. ಅಲ್ಲಿಂದ ಶ್ರೀರಂಗನಾಥಸ್ವಾಮಿ ದೇವಸ್ಥಾನ, 1799ರ ಮೇ 4ರಂದು ಟಿಪ್ಪುವಿನ ದೇಹ ದೊರೆತ ಸ್ಥಳ, ನದಿಯ ಕಡೆಯ ಕೋಟೆಗೋಡೆ, ಕರ್ನಲ್ ಬೈಲಿಯ ಸೆರೆಮನೆ, ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿವೆ.

ಕೋಟೆಯಿಂದ ಹೊರಟು ದರಿಯಾ ದೌಲತ್ತಿಗೆ ಬಂದಾಗ ಅವಸರ ಮಾಡಬೇಡ. 1784ರ ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ, 1780ರಲ್ಲಿ ಹೈದರನೂ ಟಿಪ್ಪುವೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ಪೊಳ್ಳಿಲೂರಿನ ಕದನದ ಚಿತ್ರವಿದೆ. ಹೆಚ್ಚಿನವರು ಅದರ ಮುಂದೆ ನಿಂತು ‘ಎಷ್ಟೊಂದು ಕುದುರೆಗಳು’ ಎಂದು ಹೇಳಿ ಮುಂದೆ ಹೋಗುತ್ತಾರೆ. ನೀನು ಆ ಗದ್ದಲದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಒಬ್ಬ ಆಂಗ್ಲ ಅಧಿಕಾರಿಯನ್ನು ಹುಡುಕು. ಬೆರಳು ಕಚ್ಚಿಕೊಂಡಿದ್ದಾನೆ. ನೀನು ಸ್ವಲ್ಪ ಮೊದಲು ನೋಡಿ ಬಂದ ಸೆರೆಮನೆಗೆ ಹೆಸರು ಬಂದಿರುವುದು ಅವನಿಂದ. ಅವನ ಸೈನಿಕರ ಚೌಕದ ನಡುವೆ ಮದ್ದಿನ ಗಾಡಿ ಸ್ಫೋಟಿಸುತ್ತಿರುವುದೂ ಕಾಣುತ್ತದೆ. ಆ ಸೋಲಿಗೆ ಅದು ಮುಖ್ಯ ಕಾರಣಗಳಲ್ಲೊಂದು.

ಸಿಂಗಪುರ ನೋಡಿ ಬಂದಿರುವೆಯಾದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. 1799ರ ಮುತ್ತಿಗೆಯಲ್ಲಿ ಇಲ್ಲಿದ್ದ ಕಾಲಿನ್ ಮೆಕೆಂಜಿ ಎಂಬ ಎಂಜಿನಿಯರ್ ಆ ಬಳಿಕ ವರ್ಷಗಟ್ಟಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಶಾಸನಗಳನ್ನೂ ಕೈಫಿಯತ್ತುಗಳೆಂಬ ಸ್ಥಳೀಯ ಚರಿತ್ರೆಯ ಬರಹಗಳನ್ನೂ ಸಂಗ್ರಹಿಸಿದ. 1811ರಲ್ಲಿ ಕಂಪನಿಯ ಸೈನ್ಯದೊಡನೆ ಜಾವಾಕ್ಕೆ ಹೋದ. ಅಲ್ಲಿ ಆಡಳಿತಗಾರನಾದವನು ಸ್ಟ್ಯಾಂಫರ್ಡ್ ರಾಫೆಲ್ಸ್, 1819ರಲ್ಲಿ ಸಿಂಗಪುರದಲ್ಲಿ ಕಂಪನಿಯ ಠಾಣ್ಯವನ್ನು ಸ್ಥಾಪಿಸಿದವನು. ನೀನು ಅಲ್ಲಿ ಎಲ್ಲೆಡೆ ಕಂಡಿರಬಹುದಾದ ಆ ಹೆಸರಿಗೂ ನಮ್ಮೂರಿನ ಕೋಟೆಗೂ ನಡುವೆ ಒಬ್ಬನೇ ಮನುಷ್ಯನಷ್ಟು ಅಂತರ.

ಸೋಮನಾಥಪುರಕ್ಕೆ ಹೋಗುವಾಗ ಬೆಳಗ್ಗೆ ಬೇಗ ತಲುಪುವಂತೆ ಹೊರಡು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ದೇವಾಲಯವದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇವಾಲಯ ನಿಂತಿರುವ ನಕ್ಷತ್ರಾಕಾರದ ಎತ್ತರದ ಜಗತಿಯ ಮೇಲೆ ಒಂದು ಸುತ್ತು ನಡೆದು, ಕೆಳಗಿನ ಆನೆಗಳ ಸಾಲಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿಕೆಯನ್ನು ನೋಡುತ್ತ ಬಾ. ವಿಗ್ರಹಗಳ ಪೀಠದಲ್ಲಿ ಅಲ್ಲಲ್ಲಿ ಶಿಲ್ಪಿಗಳ ಹೆಸರುಗಳಿವೆ, ಮಲ್ಲಿತಮ್ಮನ ಹೆಸರು ಹಲವು ಕಡೆ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಅಲ್ಲಿಂದ ಹೊರಟವರನ್ನು ನಾನು ದೂರುವುದಿಲ್ಲ. ಏನು ಹುಡುಕಬೇಕೆಂದು ತಿಳಿಯದಿದ್ದರೆ ಅರ್ಧ ಗಂಟೆಯೇ ಹೆಚ್ಚು.

ಉತ್ತರ: ಪದವಿ ವಿದ್ಯಾರ್ಥಿನಿ, ಮದ್ದೂರು

ನಾನು ದಿನವೂ ಮದ್ದೂರಿನಿಂದ ಮೈಸೂರಿಗೆ ಓಡಾಡುವವಳು, ಹಾಗಾಗಿ ಇದನ್ನು ತಂಗಿಗೆ ಅಕ್ಕ ಹೇಳುವಂತೆ ಹೇಳುತ್ತಿದ್ದೇನೆ.

ಖರ್ಚಿನ ಚಿಂತೆ ನಿನಗಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಬಸ್ಸು ಹತ್ತಿದೊಡನೆ ಕಂಡಕ್ಟರಿಗೆ ‘ಅಣ್ಣಾ, ಎಲ್ಲಿ ಇಳಿಯಬೇಕೆಂದು ಹೇಳಿ’ ಎಂದು ತಿಳಿಸಿ, ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತುಕೋ. ಸೋಮನಾಥಪುರಕ್ಕೆ ಬನ್ನೂರಿನಲ್ಲಿ ಬಸ್ಸು ಬದಲಿಸಬೇಕಾಗಬಹುದು.

ಯಾರೂ ಬರೆಯದ ವಿಷಯವೊಂದನ್ನು ಬರೆಯುತ್ತೇನೆ, ಸಂಕೋಚ ಬೇಡ. ಸಿಂಗಪುರದಲ್ಲಿ ಶೌಚಾಲಯ ಹುಡುಕುವ ಕಷ್ಟ ನಿನಗೆ ಬಂದಿರಲಾರದು. ಇಲ್ಲಿ ಬರುತ್ತದೆ. ಹುಡುಗಿಯರು ನೀರು ಕುಡಿಯದೆ ಊರು ಸುತ್ತುವುದಕ್ಕೆ ಕಾರಣವೂ ಅದೇ, ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುವುದಕ್ಕೆ ಕಾರಣವೂ ಅದೇ. ಹೊರಡುವ ಮೊದಲು ಎಲ್ಲಿ ಬಳಸಬಹುದಾದ ಶೌಚಾಲಯವಿದೆ, ಯಾವ ಹೋಟೆಲಿನಲ್ಲಿ ತಿಂಡಿ ತಿಂದರೆ ಅನುಕೂಲ ಎಂಬುದನ್ನು ವಿಚಾರಿಸಿಕೋ, ನೀರನ್ನು ಮಾತ್ರ ಬಿಡಬೇಡ.

ದಿಟ್ಟಿಸಿ ನೋಡುವವರು ಇರುತ್ತಾರೆ, ಇಲ್ಲವೆಂದು ನಾನು ಸುಳ್ಳು ಹೇಳಲಾರೆ. ಆದರೆ ಪಕ್ಕದಲ್ಲಿ ಕುಳಿತ ಅಜ್ಜಿ ‘ಯಾವೂರವ್ವಾ, ಯಾರ ಮಗಳು?’ ಎಂದು ಕೇಳಿ, ನೀನು ಇಳಿಯುವವರೆಗೂ ನಿನ್ನ ಮೇಲೊಂದು ಕಣ್ಣಿಟ್ಟಿರುತ್ತಾಳೆ. ಆ ಪ್ರಶ್ನೆ ಮೊದಮೊದಲು ನನಗೆ ಕಿರಿಕಿರಿಯೆನಿಸುತ್ತಿತ್ತು, ಈಗ ನಾನೇ ಮೊದಲು ಮಾತನಾಡಿಸುತ್ತೇನೆ.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಪಾಂಡವಪುರ

ಕನ್ನಂಬಾಡಿಯ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ. 1911ರಲ್ಲಿ ಕೆಲಸ ಆರಂಭವಾದಾಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದರು. ಕಟ್ಟೆಯ ಕಲ್ಲುಗಳನ್ನು ಕೂಡಿಸಿರುವುದು ಸಿಮೆಂಟಿನಿಂದಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಪುಡಿ. ನೀರು ನಿಗದಿತ ಮಟ್ಟಕ್ಕೇರಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ಅವರು ಮೊದಲು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಬಳಸಿ, ಬಳಿಕ ಇಲ್ಲಿಗೂ ತಂದರು. ನೀವು ನೋಡಿದ ಮರೀನಾ ಬ್ಯಾರೇಜ್ 2008ರದು, ಅದರ ಕಷ್ಟವೇ ಬೇರೆ. ಮಳೆ ಸುರಿಯುವಾಗ ಸಮುದ್ರ ಇಳಿದಿದ್ದರೆ ಗೇಟು ತೆರೆಯುತ್ತಾರೆ, ಉಬ್ಬರವಿದ್ದರೆ ಗೇಟು ತೆರೆಯುವಂತಿಲ್ಲ, ಒಳಗಿನ ನೀರನ್ನು ಪಂಪುಗಳಿಂದ ಎತ್ತಿ ಸಮುದ್ರಕ್ಕೆ ಸುರಿಯಬೇಕು. ನಮ್ಮ ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲವಾದ್ದರಿಂದ ಗಾಳಿಪಟದ ಆಸೆ ಬೇಡ. ಒಳಗೆ ಹೋಗಲಾಗದಿದ್ದರೂ ಹೊರಗೆ ಓದಲು ಒಳ್ಳೆಯ ವಿವರಣೆಯ ಫಲಕಗಳನ್ನಾದರೂ ಇಡಬಹುದಿತ್ತೆಂಬುದು ನನ್ನ ಹಳೆಯ ತಕರಾರು.

ಒಂದು ಎಚ್ಚರಿಕೆ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ ಇಲ್ಲೆಲ್ಲ ಯುವಕ ಯುವತಿಯರು ಮುಳುಗಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿರುತ್ತೇವೆ. ನೀರು ಮೊಣಕಾಲುದ್ದ ಕಂಡರೂ ಬಂಡೆಗಳ ನಡುವೆ ಮಡುವಿರುತ್ತದೆ, ಅಣೆಕಟ್ಟೆಯಿಂದ ಹೆಚ್ಚಿನ ನೀರು ಬಿಟ್ಟಾಗ ಹರಿವು ಬೇಗ ಏರುತ್ತದೆ. ನದಿಯನ್ನು ದಡದಿಂದ ನೋಡಿ. ನಿಮ್ಮ ತಂದೆಯವರಿಗೆ ಈ ಒಂದು ಮಾತನ್ನು ನೀವಾಗಿಯೇ ಕೊಟ್ಟರೆ ಅರ್ಧ ಒಪ್ಪಿಗೆ ಸಿಕ್ಕಂತೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮೇಡಂ ಹೇಳಿದಂತೆ ಹಾಳೆಯಲ್ಲಿ ಬರೆದು ಕೊಟ್ಟೆ. ನೀರಿಗೆ ಇಳಿಯುವುದಿಲ್ಲವೆಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಅಪ್ಪ ಎರಡು ಸಲ ಓದಿ, ಮರಳುವ ರೈಲಿನ ಸಮಯವನ್ನು ತಾವೇ ಪರಿಶೀಲಿಸಿ, ಗೆಳತಿಯ ತಂದೆಯವರೊಡನೆ ಮಾತನಾಡಿ ಶ್ರೀರಂಗಪಟ್ಟಣಕ್ಕೆ ಒಪ್ಪಿದ್ದಾರೆ. ಆದರೆ ಅವರೂ ಅದೇ ರೈಲಿನಲ್ಲಿ ಬೇರೆ ಬೋಗಿಯಲ್ಲಿ ಬರುತ್ತಾರಂತೆ. ನಮ್ಮನ್ನು ಮಾತನಾಡಿಸುವುದಿಲ್ಲವಂತೆ, ದೇವಸ್ಥಾನದ ಬಳಿ ಕುಳಿತು ಪತ್ರಿಕೆ ಓದುತ್ತಾರಂತೆ. ಇದನ್ನು ಒಪ್ಪಿಗೆಯೆಂದು ಎಣಿಸಬಹುದೇ?

ಉತ್ತರ: ಶಾಲಾ ಶಿಕ್ಷಕಿ, ಮಂಡ್ಯ

ಧಾರಾಳವಾಗಿ ಎಣಿಸು. ದರಿಯಾ ದೌಲತ್ತಿಗೆ ಮಾತ್ರ ಅವರನ್ನೂ ಒಳಗೆ ಕರೆದುಕೊಂಡು ಹೋಗಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡವನನ್ನು ನೀನೇ ತೋರಿಸು. ಸೋಮನಾಥಪುರದ ಹಾಳೆಯನ್ನು ಅಂದು ಸಂಜೆಯೇ ಕೊಡಬೇಡ, ಒಂದು ವಾರ ಬಿಟ್ಟು ಕೊಡು.