ಅಪ್‌ಡೇಟ್: ಕಾರವಾರದ ಮನೆಯಲ್ಲಿ 100ಕ್ಕೇ ನಿಂತಿದ್ದ ಲಿಂಕ್ ಸರಿಯಾಯ್ತು

ಹೋದ ವಾರ ಕೇಳಿದ್ದೆನಲ್ಲ, ಕೆಳಗಿನ ರೌಟರ್‌ನಿಂದ ಮಹಡಿಗೆ ಎಳೆದ 22 ಮೀಟರ್ ಕ್ಯಾಟ್ 6 (ಎಂಟು ತಂತಿಯ ನೆಟ್‌ವರ್ಕ್) ಕೇಬಲ್‌ನಲ್ಲಿ ಲಿಂಕ್ 100 ಎಂಬಿಪಿಎಸ್ ದಾಟ್ತಿಲ್ಲ ಅಂತ. ಈಗ 1000 ತೋರಿಸ್ತಿದೆ.

ರೌಟರ್ ರೀಸೆಟ್, ಪ್ಯಾಚ್ ಕಾರ್ಡ್ (ಎರಡೂ ಕಡೆ ಪ್ಲಗ್ ಇರೋ ಚಿಕ್ಕ ಕೇಬಲ್) ಬದಲಾವಣೆ ಎರಡೂ ದಂಡ. ಉಪಯೋಗಕ್ಕೆ ಬಂದದ್ದು "ಟೆಸ್ಟರ್ ಹಾಕಿ 4, 5, 7, 8 ನೋಡಿ" ಅಂದವರ ಮಾತು. ಕೇಬಲ್ ಟೆಸ್ಟರ್‌ನಲ್ಲಿ ಪ್ರತಿ ತಂತಿಗೂ ಒಂದು ನಂಬರು, ಒಂದು ದೀಪ. 7ರ ದೀಪ ಹತ್ತಲೇ ಇಲ್ಲ. 100ಕ್ಕೆ 1, 2, 3, 6 ಸಾಕು, ಗಿಗಾಬಿಟ್‌ಗೆ (1000ಕ್ಕೆ) ಎಂಟೂ ತಂತಿ ಬೇಕು. ಅದಕ್ಕೇ ನೆಟ್ ಬರ್ತಿತ್ತು, ವೇಗ ಮಾತ್ರ ಇರ್ಲಿಲ್ಲ.

ಮಹಡಿಯ ಪ್ಲಗ್ ಇದ್ದದ್ದು ಸಮುದ್ರದ ಕಡೆಯ ಕಿಟಕಿ ಪಕ್ಕ. ಪಿನ್ ಮೇಲೆಲ್ಲ ಹಸಿರು ಕಿಲುಬು. ಆ ತುದಿಯಲ್ಲಿ ಒಂದು ಗೇಣು ಕತ್ತರಿಸಿ, ಒಳಗೋಡೆಯ ಬಾಕ್ಸ್‌ಗೆ ಕೀಸ್ಟೋನ್ ಜಾಕ್ (ಕೇಬಲ್ ಚುಚ್ಚುವ ಸಾಕೆಟ್) ಕೂರಿಸಿದೆ. ಎರಡೂ ತುದಿಯಲ್ಲಿ ತಂತಿಗಳ ಬಣ್ಣದ ಕ್ರಮ ಟಿ568ಬಿ. ತಂತಿ ಜೋಡಿಗಳ ಹೆಣೆದ ತಿರುವು ಬಿಚ್ಚಿದ್ದು 1 ಸೆಂ.ಮೀ. ಒಳಗೇ.

ಅಚ್ಚರಿ ಅಂದ್ರೆ, ಕತ್ತರಿಸಿದ ತುಂಡನ್ನು ಬ್ಲೇಡಲ್ಲಿ ಕೆರೆದರೆ ಒಳಗೆ ಬೆಳ್ಳಗೆ! ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದ್ದಕ್ಕೇ ಮುರೀತು. ಪಿಒಇ (ನೆಟ್ ಕೇಬಲ್‌ನಲ್ಲೇ ಕರೆಂಟ್ ಪಡೆಯೋ) ಕ್ಯಾಮೆರಾಗೆ ಇಂಥದ್ದು ಬೇಡವೇ ಬೇಡ, ಬಿಸಿಯಾಗುತ್ತೆ. ಸದ್ಯಕ್ಕೆ ನಡೀತಿದೆ, ಮಳೆಗಾಲಕ್ಕೆ ಮೊದಲು ಅಪ್ಪಟ ತಾಮ್ರದ್ದು ಎಳೀಬೇಕು. ನೀವು ಕೊಳ್ಳುವಾಗ ಅಂಗಡಿಯಲ್ಲೇ ಒಂದು ತಂತಿ ಕೆರೆದು ನೋಡಿ.