ಅಪ್‌ಡೇಟ್: ತಂಗಿಯ ಮಗಳ ಬಗ್ಗೆ ಕೇಳಿದ್ದೆನಲ್ಲ, ಈಗ ಹೀಗಿದೆ

ಹಾವೇರಿ ಕಡೆಯ ನನ್ನ ತಂಗಿಯ ಮಗಳಿಗೆ 17 ವರ್ಷ, ಏಳು ತಿಂಗಳ ಬಸುರಿ. ಸಣ್ಣ ವಯಸ್ಸಿಗೇ ಮದುವೆ ಮಾಡಿದ್ದರು. ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸ್ ಆಗುತ್ತದಾ ಅಂತ ಕೇಳಿದ್ದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂದವರಿಗೆ ಥ್ಯಾಂಕ್ಸ್. ಮಾಡಿದೆ. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ಹೌದು, 18 ತುಂಬದಿದ್ದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ) ಕಾಯ್ದೆ ಪ್ರಕಾರ ಆಸ್ಪತ್ರೆಯವರೂ ಪೊಲೀಸರಿಗೆ ತಿಳಿಸಲೇಬೇಕು. ಮದುವೆಯಾಗಿದೆ ಅಂದರೂ ಬಿಡಲ್ಲ. ಆದರೆ ಕೇಸು ಹುಡುಗಿಯ ಮೇಲಲ್ಲ! ಅದನ್ನು ಅವಳಿಗೆ ಅರ್ಥ ಮಾಡಿಸಲು ಎರಡು ದಿನ ಹಿಡಿಯಿತು. ಮಕ್ಕಳ ಕಲ್ಯಾಣ ಸಮಿತಿಯಲ್ಲಿ "ಎಲ್ಲಿ ಇರ್ತೀಯವ್ವಾ?" ಅಂತ ಅವಳನ್ನೇ ಕೇಳಿದರು. "ದೊಡ್ಡವ್ವನ ಕಡೆ ಇರ್ತೀನ್ರೀ" ಅಂದಳು. ಈಗ ಹುಬ್ಬಳ್ಳಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ತಂಗಿಯ ಸಿಟ್ಟು ಇಳಿದಿಲ್ಲ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಒಂದು ಖಾಸಗಿ ಕ್ಲಿನಿಕ್‌ನವರು ವಯಸ್ಸು ಕೇಳಿ ಬಾಗಿಲಿಂದಲೇ ಕಳಿಸಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ಹಾಗಾಗಲಿಲ್ಲ. ಆಶಾ ಕಾರ್ಯಕರ್ತೆ ಅಕ್ಕ ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಮಾಡಿಸಿಕೊಟ್ಟರು. ರಕ್ತ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಶುರುವಾಗಿದೆ. ಮಧ್ಯಾಹ್ನ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ. ಹೆರಿಗೆಯಾಗಿ ಆರು ತಿಂಗಳವರೆಗೂ ಕೊಡುತ್ತಾರೆ. ಮೊದಮೊದಲು ನಾಚಿಕೊಂಡು ಹೋಗುತ್ತಿರಲಿಲ್ಲ. ಒಂದು ವಾರ ನಾನೇ ಹೋಗಿ ಸುಮ್ನೆ ಪಕ್ಕದಲ್ಲಿ ಕೂತೆ.

ಎಸ್‌ಎಸ್‌ಎಲ್‌ಸಿ ಅರ್ಧಕ್ಕೇ ಬಿಟ್ಟಿದ್ದಳು. ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು ಅಲ್ವಾ, ಅದಕ್ಕೆ ಒಪ್ಪಿದ್ದಾಳೆ. "ಕೂಸು ಮಲಗಿದಾಗ ಓದತೇನಿ" ಅನ್ನುತ್ತಾಳೆ. ಕೂಸು ಮಲಗುತ್ತದೆ ಅಂತ ಇವಳಿಗೆ ಯಾರು ಹೇಳಿದರೋ! ಗಣಿತದ ಹಳೇ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.